ನಿಮ್ಮ ಗ್ವಾಡಿಗೆ ಕರೆಂಟ್ ಗಾಡಿಗಂತ ಒಂದು ಪ್ಲಗ್ ಹಚ್ಚ್ರಿ: ಹೈವೇ ಮ್ಯಾಲಿನ ಖಾನಾವಳಿ, ಲಾಡ್ಜ್, ಸೀರಿ ಅಂಗಡಿ ಮಾಲಕರಿಗೆ ಬಹಿರಂಗ ಪತ್ರ

ಶರಣು ಶರಣಾರ್ಥಿ ಯಜಮಾನ್ರ,

ಸೋಲಾಪುರದಿಂದ ವಿಜಯಪುರಕ್ಕ ಬಂದು ಅಲ್ಲಿಂದ ಒಂದು ದಾರಿ ಕೊಲ್ಹಾರ, ಗದ್ದನಕೇರಿ ಕ್ರಾಸ್, ಕೆರೂರ ಹಾಯ್ದು ಹುಬ್ಬಳ್ಳಿಗೆ ಹೋಗ್ತೈತಿ, ಇನ್ನೊಂದು ನಿಡಗುಂದಿ, ಹುನಗುಂದ, ಇಳಕಲ್, ಕುಷ್ಟಗಿ ಹಾಯ್ದು ಹೊಸಪೇಟಿಗೆ ಹೋಗ್ತೈತಿ. ಈ ಎರಡೂ ದಾರಿ ಮ್ಯಾಲ ಖಾನಾವಳಿ, ಧಾಬಾ, ಲಾಡ್ಜ್, ಕರದಂಟಿನ ಅಂಗಡಿ, ಸೀರಿ ಅಂಗಡಿ ಇಟ್ಕೊಂಡು ಕುಂತಿರೂ ನಿಮ್ಮೆಲ್ಲಾರಿಗೂ ಈ ಪತ್ರ. ಸರ್ಕಾರಕ್ಕ ಬರದ್ರ ಅದು ಫೈಲ್‌ನಾಗ ಮಲಗ್ತೈತಿ, ನಿಮಗ ಬರದ್ರ ನಾಳೆ ಮುಂಜಾನಿ ಒಬ್ರರ ಎಲೆಕ್ಟ್ರಿಷಿಯನ್‌ಗೆ ಫೋನ್ ಹಚ್ಚಬಹುದು ಅನ್ನೂ ಆಸೆ. (ಸರ್ಕಾರಕ್ಕೂ ಕಡೀಕ ಒಂದೆರಡು ಮಾತು ಅದಾವು, ಬಿಡೂದಿಲ್ಲ.)

ನಾ ಬಾಗಲಕೋಟಿ ಕಡೆಯಾಂವ. ಮನಿಯಾಗ ಇರೂದು ಒಂದ ಕಾರು, ಅದು ಕರೆಂಟಿಂದು. ಅದರಾಗ ಬೆಂಗಳೂರಿಗೂ ಹೋಗ್ತೀವಿ, ಪಂಢರಪುರಕ್ಕೂ ಹೋಗ್ತೀವಿ, ಬೆಳಗಾವಿ ಮ್ಯಾಲಿಂದ ಗೋವಾಕ್ಕೂ ಇಳೀತೀವಿ. ಲಗ್ನದಾಗ ಕುಂತ್ರೂ, ಗುಡಿ ಕಟ್ಟಿ ಮ್ಯಾಲ ಕುಂತ್ರೂ ಮಂದಿ ಕೇಳೂದು ಒಂದ ಮಾತು: ‘ಊರಾಗ ಅಡ್ಡಾಡಾಕ ಛಲೋ ಐತಿ ಬಿಡ್ರಿ, ಲಾಂಗ್ ಹೊಡ್ಯಾಕ ಬರ್ತೈತೇನು? ನಡುದಾರ್ಯಾಗ ನಿಂತ್ರ ಏನ್ ಮಾಡ್ತೀರಿ?’ ಲಾಂಗ್ ಹೊಡ್ಯಾಕ ಬರ್ತೈತ್ರಿ. ಆದ್ರ ಆರಾಮಾಗಿ ಬರ್ತೈತೋ ತಲಿಬ್ಯಾನಿ ಮಾಡ್ಕೊಂಡು ಬರ್ತೈತೋ ಅನ್ನೂದು ಈಗ ಗಾಡಿ ಕಂಪನಿ ಕೈಯಾಗ ಇಲ್ಲ, ದಾರಿ ಮ್ಯಾಲ ಅಂಗಡಿ ಇಟ್ಕೊಂಡ ನಿಮ್ಮ ಕೈಯಾಗ ಐತಿ. ಹೆಂಗ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗ್ತೈತಿ, ಮಧ್ಯಾಹ್ನದ ರಶ್ ಮುಗದ ಮ್ಯಾಲ ಓದ್ರಿ.

ಮೊದಲ ಗಾಡಿ ಲೆಕ್ಕ. ನಮ್ಮ ಕಡೆ ಹೆಚ್ಚಿಗಿ ಕಾಣೂದು 40-45 ಯೂನಿಟ್ ಬ್ಯಾಟರಿ ಇರೂ ಸಣ್ಣ ಎಸ್‌ಯುವಿ. ಬ್ರೋಶರ್‌ನಾಗ 450 ಕಿಮೀ ಅಂತ ಬರದಿರ್ತೈತಿ, ಅದನ್ನ ನಂಬಿ ಹೊಂಟ್ರ ಕೆಟ್ವಿ. ಹೈವೇದಾಗ 80-90ರಾಗ ಹೊಡದ್ರ ನೂರು ಕಿಮೀಗೆ 14ರಿಂದ 16 ಯೂನಿಟ್ ತಿಂತೈತಿ, ಅಂದ್ರ ಫುಲ್ ಚಾರ್ಜಿಗೆ 260-280 ಕಿಮೀ, ಅದರಾಗ ಧೈರ್ಯಕ್ಕಂತ ಒಂದಿಷ್ಟು ಉಳಸ್ಕೊಂಡ್ರ 230. ವಿಜಯಪುರದಿಂದ ಹೊಸಪೇಟಿ ಸುಮಾರು 200, ಹುಬ್ಬಳ್ಳಿಯೂ ಹತ್ರ ಹತ್ರ ಅಷ್ಟ, ಬೆಳಗಾವಿಯೂ ಅಷ್ಟ, ಸೋಲಾಪುರ ನೂರು. ಲೆಕ್ಕ ಹಾಕಿ ನೋಡ್ರಿ, ವಿಜಯಪುರದಿಂದ ಈ ಯಾವ ದೊಡ್ಡ ಊರಿಗೆ ಹೋದ್ರೂ ಒಂದ ಚಾರ್ಜಿನಾಗ ಮುಟ್ಟತೈತಿ, ಆದ್ರ ಸೋಲಾಪುರ ಬಿಟ್ರ ಮುಟ್ಟಿದ ಮ್ಯಾಲ ಹೊಳ್ಳಿ ಬರಾಕ, ಇಲ್ಲಾ ಮುಂದ ಹೋಗಾಕ ಬ್ಯಾಟರ್‍ಯಾಗ ಏನೂ ಉಳಿಯೂದಿಲ್ಲ. ಬೆಂಗಳೂರು ಅಂದ್ರ 500ರ ಮ್ಯಾಲ ಆತು, ಅದಕ್ಕ ನಡುವ ಎರಡು ಕಡೆ ನಿಂದರಬೇಕು.

ಇದರಾಗ ನಮ್ಮ ಕಡೆಯ ಗಾಳೀದು ಒಂದು ಕತಿ ಐತಿ, ಬೆಂಗಳೂರಿನ ಇವಿ (ಕರೆಂಟ್ ಗಾಡಿ) ಮಂದಿಗೆ ಇದು ತಿಳಿಯೂದಿಲ್ಲ. ಗಾಡಿ ವೇಗ 80ರಿಂದ 100ಕ್ಕ ಏರಿದ್ರ ಎದುರಿನ ಗಾಳಿ ಒತ್ತಡ ಒಂದೂವರಿ ಪಟ್ಟು ದಾಟತೈತಿ, ಯಾಕಂದ್ರ ಅದು ವೇಗದ ವರ್ಗದ ಲೆಕ್ಕದಾಗ ಏರ್ತೈತಿ. ಈಗ ಆಷಾಢದಾಗ ವಿಜಯಪುರದಿಂದ ಬೆಳಗಾವಿ ಕಡೆ ಹೊಂಟೀರಿ ಅಂತ ತಿಳೀರಿ, ಪಡುವಣ ಗಾಳಿ ತಾಸಿಗೆ 25 ಕಿಮೀನಾಗ ಎದಿಗೆ ಬಡೀತಿರ್ತೈತಿ, ಮೀಟರ್‌ನಾಗ 80 ಇದ್ರೂ ಗಾಡಿ ಪಾಲಿಗೆ ಅದು 105. ಅದ ದಾರ್‍ಯಾಗ ಹೊಳ್ಳಿ ಬರೂಮುಂದ ಗಾಳಿ ಬೆನ್ನಿಗೆ ಇರ್ತೈತಿ, ಚಾರ್ಜ್ ಇಳಿಯೂದ ಇಲ್ಲ ಅನಸ್ತೈತಿ. ಸುಮ್ನ ನಮ್ಮ ಹೊಲದಾಗ, ಗುಡ್ಡದಾಗ ಇಷ್ಟು ಗಾಳಿ ಫ್ಯಾನ್ ತಂದು ನಿಲ್ಲಿಸ್ಯಾರೇನ್ರಿ? ಹಂಗಾಗಿ ಮಳಿಗಾಲದಾಗ ಪಶ್ಚಿಮಕ್ಕ ಹೋಗಾವ್ರು 20-30 ಪರ್ಸೆಂಟ್ ಕಡಿಮಿ ಹಿಡ್ಕೊಂಡ ಹೊಂಡಬೇಕು. ಘಾಟ್‌ದು ಅಷ್ಟೇನೂ ಅಂಜಿಕಿ ಇಲ್ಲ. ಚೋರ್ಲಾ ಘಾಟ್ ಇಳಿಯೂಮುಂದ ಬ್ರೇಕ್‌ನಾಗ ಚಾರ್ಜ್ ಹೊಳ್ಳಿ ತುಂಬ್ತೈತಿ, ಏರೂಮುಂದ ಒಂದು ನಾಕು ಯೂನಿಟ್ ಹೆಚ್ಚಿಗಿ ಹೋಗ್ತೈತಿ, ಅಂದ್ರ 25 ಕಿಮೀದಷ್ಟು, ಮುಗೀತು. ಏಸಿಗೂ ಮಂದಿ ಸುಮ್ನ ಅಂಜ್ತಾರ, ಮೇ ತಿಂಗಳ ಬಿಸಲಾಗ ಏಸಿ ಬಂದ್ ಮಾಡಿ ಕುದ್ಕೊಂಡು ಹೋಗೂಕಿಂತ ಹತ್ತು ಕಿಮೀ ಸ್ಪೀಡ್ ಇಳಿಸಿದ್ರ ಅದಕ್ಕಿಂತ ಹೆಚ್ಚಿಗಿ ಉಳೀತೈತಿ.

ಇಲ್ಲಿಂದ ನಿಮ್ಮ ಮಾತು ಸುರು.

ಚಾರ್ಜರ್ ಅಂದ ಕೂಡ್ಲೆ ನಿಮ್ಮ ತಲ್ಯಾಗ ಬರೂದು ಬಂಕ್‌ನಾಗಿನ ಆಳೆತ್ತರದ ದೊಡ್ಡ ಡಬ್ಬಿ, ಹತ್ತಾರು ಲಕ್ಷದ್ದು, ತನಗ ಅಂತ ಬ್ಯಾರೆ ಟ್ರಾನ್ಸ್‌ಫಾರ್ಮರ್ ಬೇಡೂ ಅಂಥಾದ್ದು. ಅದು ಡಿಸಿ ಫಾಸ್ಟ್ ಚಾರ್ಜರ್. ಅದು ಬೇಕು, ಆದ್ರ ಎಲ್ಲಾ ಕಡೆ ಅದ ಬೇಕಂತಿಲ್ಲ. ಗಾಡಿ ಎಷ್ಟು ಹೊತ್ತು ನಿಂದರ್ತೈತಿ ಅನ್ನೂದನ್ನ ಮೊದಲ ನೋಡಬೇಕು. ಡಬಲ್ ರೋಡ್ ಮ್ಯಾಲ ರೊಟ್ಟಿ ಊಟಕ್ಕ ಮುಕ್ಕಾಲು ತಾಸು ನಿಂದರಾಂವಗ 30 ಕಿಲೋವ್ಯಾಟ್ ಡಿಸಿ ಬೇಕು, ಅವನ ಊಟ ಮುಗಿಯೂದ್ರಾಗ 18-20 ಯೂನಿಟ್ ಬೀಳ್ತೈತಿ, 120 ಕಿಮೀ ಆತು. ಆದ್ರ ರಾತ್ರಿ ಲಾಡ್ಜ್‌ನಾಗ ಮಲಗಾಂವಗ ಅದ್ಯಾಕ ಬೇಕು? ಅಂವ ರಾತ್ರಿ ಒಂಬತ್ತಕ್ಕ ಬಂದು ಮುಂಜಾನಿ ಆರಕ್ಕ ಏಳ್ತಾನ. ಅಷ್ಟು ಹೊತ್ತು ನಿಮ್ಮ ಗೀಸರ್‌ಗೆ ಹಚ್ಚಿರ್ತೀರಲ್ಲಾ, ಅಂಥಾ 16 ಆಂಪಿಯರ್ ಪಾಯಿಂಟ್ ಒಂದು ಪಾರ್ಕಿಂಗ್‌ನಾಗ ಇದ್ರ ಬೆಳತನಕ 26-27 ಯೂನಿಟ್ ತುಂಬಿರ್ತೈತಿ, ಎದ್ದು ಚಾ ಕುಡದು 170 ಕಿಮೀ ಹೋಗಬಹುದು. 7.2 ಕಿಲೋವ್ಯಾಟಿಂದು ಗ್ವಾಡಿ ಚಾರ್ಜರ್ ಹಚ್ಚಿದ್ರಿ ಅಂದ್ರ ಖಾಲಿ ಗಾಡಿನೂ ಮುಂಜಾನಿಗೆ ಫುಲ್.

ಇವೆರಡರ ನಡುವ ಇನ್ನೊಂದು ನಮೂನಿ ಗಿರಾಕಿ ಐತಿ, ಅದನ್ನ ಯಾರೂ ಲೆಕ್ಕಕ್ಕ ಹಿಡ್ದಿಲ್ಲ, ನನಗ ಎಲ್ಲಾದಕ್ಕಿಂತ ಬೇಸರ ಇದರ ಮ್ಯಾಲ. ಗೋಲಗುಮ್ಮಟಕ್ಕ ಬಂದ ಮಂದಿ ಮ್ಯಾಲ ಹತ್ತಿ, ಕೂಗಿ, ದನಿ ಹೊಳ್ಳಿ ಬರೂದನ್ನ ಕೇಳಿ, ಇಳದು, ಮ್ಯೂಸಿಯಂ ನೋಡಿ ಹೊರಗ ಬರಾಕ ಎರಡೂವರಿ ತಾಸು. ಬಾದಾಮಿ ಗುಹೆ ಅಂದ್ರ ಮೂರು ತಾಸು, ಪಟ್ಟದಕಲ್ಲು ಎರಡು, ಕೂಡಲಸಂಗಮ ಎರಡು. ಇಳಕಲ್‌ನಾಗ ಸೀರಿ ಅಂಗಡ್ಯಾಗ ಹೆಣ್ಮಕ್ಕಳು ಕುಂತ್ರ ಎಷ್ಟು ತಾಸು ಅಂತ ನಾ ಹೇಳೂದಿಲ್ಲ, ನನಗ ಮನಿಗೆ ಹೋಗಬೇಕಾಗೈತಿ. ಎರಡೂವರಿ ತಾಸಿಗೆ 7.2 ಕಿಲೋವ್ಯಾಟ್ ಚಾರ್ಜರ್‌ನಾಗ ಹದಿನೆಂಟು ಯೂನಿಟ್, ಅಂದ್ರ ಅದೂ 120 ಕಿಮೀನ! ಬಂಕ್‌ನಾಗ ಲಕ್ಷಗಟ್ಟಲೆ ಡಬ್ಬಿ ಮುಂದ ಬಿಸಲಾಗ ನಿಂತು ತುಂಬ್ಸೂದನ್ನ ಸೀರಿ ಅಂಗಡಿ ಗ್ವಾಡಿಗಿನ ಒಂದು ಸಣ್ಣ ಡಬ್ಬಿ ಸದ್ದಿಲ್ಲದ ತುಂಬ್ಸಿ ಕೊಡ್ತೈತಿ, ಗಿರಾಕಿಗೂ ಅವಸರ ಇಲ್ಲ, ‘ಇನ್ನೂ ಎರಡು ಸೀರಿ ತಗೀರಿ, ಚಾರ್ಜ್ ಆಗಾಕತ್ತೈತಿ’ ಅಂತ ಗಂಡಸರ ಹೇಳ್ತಾರ. ಆ ಸಣ್ಣ ಡಬ್ಬಿ ಅಂಗಡ್ಯಾಗಿನ ಒಂದು ಒಳ್ಳೆ ಏಸಿ ಮಷಿನ್‌ಗಿಂತ ತುಟ್ಟಿ ಏನಲ್ಲ, ಮೂರು ಫೇಸ್‌ನೂ ಬ್ಯಾಡ, ಸಿಂಗಲ್ ಫೇಸ್ 32 ಆಂಪಿಯರ್ ಸಾಕು.

ಅಮೀನಗಡದಾಗ ಕರದಂಟಿಗೆ, ಕೊಲ್ಹಾರದಾಗ ಮೊಸರಿಗೆ ನಿಂದರೂದು ಹತ್ತು ನಿಮಿಷ, ಅಲ್ಲೆ ಇದು ನಡಿಯೂದಿಲ್ಲ. ಸುಳ್ಳು ಹೇಳೂದಿಲ್ಲ. ಖಾನಾವಳಿಗೂ ಅಷ್ಟ, ಊಟದ ಹೊತ್ತಿನ್ಯಾಗ ಗ್ವಾಡಿ ಚಾರ್ಜರ್‌ನಾಗ ಬೀಳೂದು ಐದು ಯೂನಿಟ್, 30-35 ಕಿಮೀ. ಆದ್ರ ಆ 30 ಕಿಮೀನ ಎಷ್ಟೋ ಸಲ ಎದಿ ಬಡಿತ ಇಳಸ್ತೈತ್ರಿ, ಮುಂದಿನ ಚಾರ್ಜರ್ ಕೆಟ್ಟಿದ್ರ ಅದರ ಮುಂದಿಂದಕ್ಕ ಮುಟ್ಟಾಕ ಅಷ್ಟ ಬೇಕಾಗಿರ್ತೈತಿ.

ಕೆಟ್ಟಿದ್ರ ಅಂದ್ನಲ್ಲಾ, ಲಾಂಗ್ ಹೊಡಿಯೂದ್ರಾಗ ಖರೇ ಕಷ್ಟ ಇರೂದು ಅಲ್ಲೆ. ದೂರಕ್ಕ ಅಂಜಿಕಿಲ್ಲ, ಬ್ಯಾಟರಿಗೆ ಅಂಜಿಕಿಲ್ಲ, ಆಪ್‌ನಾಗ ಹಸಿರು ಚುಕ್ಕಿ ತೋರಿಸಿ ಅಲ್ಲೆ ಹೋದ್ರ ಸ್ಕ್ರೀನ್ ಕರ್‍ರಗ ಇರೂದಕ್ಕ ಅಂಜಿಕಿ. ಊರ ಹೆಸರು, ಕಂಪನಿ ಹೆಸರು ಬ್ಯಾಡ. ಒಂದು ಕಡೆ ಹೋಗಿ ಗನ್ (ಚಾರ್ಜರ್‌ನ ವೈರಿನ ತುದಿ) ಗಾಡಿಗೆ ಹಚ್ಚಿದ್ರ ‘ಕಮ್ಯುನಿಕೇಶನ್ ಎರರ್’, ಹುಡುಗನ್ನ ಕೇಳಿದ್ರ ‘ಮೇನ್ ಸ್ವಿಚ್ ಕೀಲಿ ಮ್ಯಾನೇಜರ್ ಕಡೆ ಐತ್ರಿ, ಅವ್ರು ಲಗ್ನಕ್ಕ ಹೋಗ್ಯಾರ.’ ಇನ್ನೊಂದು ಕಡೆ ಚಾರ್ಜರ್ ಛಲೋ ಐತಿ, ಅದರ ಮುಂದ ಡೀಸೆಲ್ ಗಾಡಿ ನೆಳ್ಳಿಗೆ ನಿಂತೈತಿ, ಡ್ರೈವರ್ ಒಳಗ ನಿದ್ದಿ. ಮತ್ತೊಂದು ಕಡೆ ಎಲ್ಲಾ ಸರಿ ಐತಿ, ಆದ್ರ ಆಪ್‌ಗೆ ಓಟಿಪಿ ಬರಬೇಕು, ಅಲ್ಲೆ ನೆಟ್‌ವರ್ಕ್ ಒಂದ ಕಡ್ಡಿ. ಒಂದೊಂದು ಕಂಪನಿಗೆ ಒಂದೊಂದು ಆಪ್, ಒಂದೊಂದು ವ್ಯಾಲೆಟ್, ಎಲ್ಲಾದ್ರಾಗೂ ನಮ್ಮ ರೊಕ್ಕ ನೂರು, ಇನ್ನೂರು ಕೂತು ಬಿಟ್ಟೈತಿ. ಖಾನಾವಳ್ಯಾಗ ಊಟಕ್ಕಿಂತ ಮೊದಲ ವ್ಯಾಲೆಟ್‌ಗೆ ಐನೂರು ಹಾಕ್ರಿ ಅಂದ್ರ ನಿಮ್ಮ ಗಿರಾಕಿ ಏನಂತಾನ? ನಿಮ್ಮ ಹತ್ರ ಈ ತಾಪತ್ರಯ ಯಾವೂ ಇಲ್ಲ. ಗಲ್ಲಾದಾಗ ನೀವ ಕುಂತಿರ್ತೀರಿ, ಯುಪಿಐ ಐತಿ, ಕೀಲಿ ನಿಮ್ಮ ಕಡೆ ಐತಿ, ಕೆಟ್ರ ಕೇಳಾಕ ಮನಶ್ಯಾ ಅದಾನ. ಅದಕ್ಕ ನಿಮಗ ಬರೀಲಿಕ್ಹತ್ತೀನಿ.

ಡಿಸಿ ಇರೂ ಕಡೆ ಇನ್ನೊಂದು ತಿಳ್ಕೋಬೇಕಾದ್ದು, ಚಾರ್ಜ್ 10ರಿಂದ 80 ಪರ್ಸೆಂಟ್ ತನಕ ಬಡಾಬಡಾ ಏರ್ತೈತಿ, ಆಮ್ಯಾಲ ಮಂದ ಆಗ್ತೈತಿ. ಯಲ್ಲಮ್ಮನ ಜಾತ್ರಿ ಬಸ್ ಇದ್ದಂಗ, ಸೀಟ್ ಖಾಲಿ ಇರೂಮಟ ಓಡಿ ಹತ್ತತಾರ, ತುಂಬಿದ ಮ್ಯಾಲ ಒಬ್ಬೊಬ್ಬರನ್ನ ಒತ್ತಿ ಸರಿಸಿ ಹತ್ತಸಬೇಕು. ಅದಕ್ಕ 80 ಆದ ಮ್ಯಾಲ ಡಿಸಿ ಬಿಟ್ಟು ಹೊಂಡೂದು ಛಲೋ, ಹಿಂದ ಕಾಯಾಂವಗೂ ಪುಣ್ಯ. 60 ಕಿಲೋವ್ಯಾಟ್ ಅಂತ ಬೋರ್ಡ್ ಇದ್ರೂ ಎರಡು ಗನ್‌ಗೆ ಎರಡು ಗಾಡಿ ಹಚ್ಚಿದ್ರ ಭಾಳ ಕಡೆ ಮೂವತ್ತು ಮೂವತ್ತು ಹಂಚಿಕಿ ಆಗ್ತೈತಿ, ಹಂಗಾಗಿ ನಮ್ಮವ್ರು ‘ಅರ್ಧ ತಾಸಿನ್ಯಾಗ ಆಗ್ತೈತಿ’ ಅಂದಿದ್ದು ಒಂದು ತಾಸು ಆಗ್ತೈತಿ, ಬಯ್ಯೂದು ಗಾಡಿಗೆ.

ಪ್ಲಗ್ ಹಚ್ಚೂದ್ರಾಗ ಏನೇನು ನೋಡಬೇಕು ಅಂತ ಬರಿಯಾಕಬೇಕು, ಯಾಕಂದ್ರ ಅರ್ಧಂಬರ್ಧ ಮಾಡಿದ್ರ ನಿಮ್ಮ ಬೋರ್ಡ್ ಸುಡ್ತೈತಿ, ಆಮ್ಯಾಲ ‘ಇವಿ ಗಾಡಿಯಿಂದ ಬೆಂಕಿ’ ಅಂತ ಸುದ್ದಿ ಆಗ್ತೈತಿ. ಎಲ್ಲಾದಕ್ಕಿಂತ ಮೊದಲ ಅರ್ಥಿಂಗ್. ಪೆಟ್ರೋಲ್ ಗಾಡಿಗೆ ಇದರ ಗೊಡವಿ ಇಲ್ಲ, ಕರೆಂಟ್ ಗಾಡಿ ಅರ್ಥಿಂಗ್ ಸರಿ ಇಲ್ಲಂದ್ರ ಚಾರ್ಜ್ ತಗೊಳ್ಳಾಕ ಒಲ್ಲೆ ಅಂತೈತಿ, ಕೆಂಪು ಲೈಟ್ ಹಚ್ಕೊಂಡು ಕುಂದರ್ತೈತಿ. ನಮ್ಮ ಕಡೆ ಎರಿ ಭೂಮಿ ಬ್ಯಾಸಗ್ಯಾಗ ಬಿರುಕು ಬಿಡ್ತೈತಿ, ಅರ್ಥಿಂಗ್ ಗುಂಡಿ ಒಣಗಿ ಹೋಗಿರ್ತೈತಿ, ಕಟ್ಟಡ ಕಟ್ಟಿದಾಗ ಹಾಕಿದ್ದು ಮತ್ತ ಯಾರೂ ಮುಟ್ಟಿರೂದಿಲ್ಲ. ಅದಕ್ಕ ಬ್ಯಾರೆ ಗುಂಡಿ ತಗಸಿ, ಇದ್ದಲಿ, ಉಪ್ಪು ಹಾಕಿಸಿ, ಬ್ಯಾಸಗ್ಯಾಗ ಆಗಾಗ ನೀರು ಬಿಡ್ರಿ, ಇಲ್ಲಾ ಕೆಮಿಕಲ್ ಅರ್ಥಿಂಗ್ ಮಾಡಿಸ್ರಿ. 16 ಆಂಪಿಯರ್ ಪಾಯಿಂಟಿಗೆ ಮೀಟರ್‌ನಿಂದ ನೇರ ಬ್ಯಾರೆ ಲೈನ್ ಎಳಸ್ರಿ, 4 ಸ್ಕ್ವೇರ್ ಎಂಎಂ ತಾಮ್ರದ ವೈರ್, 7.2ಕ್ಕ 6 ಸ್ಕ್ವೇರ್, ಅದಕ್ಕ ಬ್ಯಾರೆ ಎಂಸಿಬಿ (ಲೋಡ್ ಹೆಚ್ಚಾದ್ರ ಬೀಳೂ ಸ್ವಿಚ್), 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ಬೀಳೂ ಸ್ವಿಚ್). ಸಾಕೆಟ್ ಮನಿಯಾಗಿನ ಸಾದಾದ್ದು ಬ್ಯಾಡ, ಎಂಟು-ಒಂಬತ್ತು ತಾಸು ಒಂದ ಸಮ ಲೋಡ್ ಎಳದ್ರ ಅದು ಕರಗ್ತೈತಿ, ಇಂಡಸ್ಟ್ರಿಯಲ್ ಸಾಕೆಟ್ ಹಾಕಸ್ರಿ. ಎಕ್ಸ್‌ಟೆನ್ಶನ್ ಬಾಕ್ಸ್ ಕೊಟ್ಟು ಕಿಡಿಕ್ಯಾಗಿಂದ ವೈರ್ ಬಿಡೂದು ಮಾತ್ರ ಮಾಡಬ್ಯಾಡ್ರಿ, ಕೈ ಮುಗೀತೀನಿ. ಮ್ಯಾಲ ಒಂದು ತಗಡಿನ ಶೆಡ್ ಇದ್ರ ಗಾಡಿಗೂ ತಂಪು, ಮಳಿಗೂ ಚಿಂತಿಲ್ಲ.

‘ಲೈಸೆನ್ಸ್ ಯಾರು ಕೊಡ್ತಾರ?’ ಅಂತೀರಿ. ಬ್ಯಾಡ್ರಿ. ಚಾರ್ಜಿಂಗ್ ಅನ್ನೂದು ಕರೆಂಟ್ ಮಾರೂದಲ್ಲ, ಸೇವೆ, ಅದಕ್ಕ ವಿದ್ಯುತ್ ಕಾಯ್ದೆ ಕೆಳಗ ಲೈಸೆನ್ಸ್ ಬೇಕಿಲ್ಲ ಅಂತ ಕೇಂದ್ರ ಇಂಧನ ಸಚಿವಾಲಯ 2018ರಾಗ ಹೇಳಿ ಬಿಟ್ಟೈತಿ. ಇವಿ ಚಾರ್ಜಿಂಗ್‌ಗೆ ಅಂತ ಬ್ಯಾರೆ ಮೀಟರ್ ತಗೊಂಡ್ರ ಅದಕ್ಕ ಬ್ಯಾರೆ ದರ ಐತಿ, ನಿಮ್ಮ ಕಮರ್ಷಿಯಲ್ ದರಕ್ಕಿಂತ ಕಡಿಮಿ, ನಿಮ್ಮ ಹೆಸ್ಕಾಂ (ಕರೆಂಟ್ ಕಂಪನಿ) ಸೆಕ್ಷನ್ ಆಫೀಸ್‌ನಾಗ ಕೇಳ್ರಿ. ರೊಕ್ಕ ಎಷ್ಟು ತಗೋಬೇಕು ಅಂದ್ರ, ಪಬ್ಲಿಕ್ ಚಾರ್ಜರ್‌ನಾಗ ನಾವು ಯೂನಿಟ್‌ಗೆ 20 ರೂಪಾಯಿ ಆಸುಪಾಸು ಕೊಡ್ತೀವಿ, ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿ. (ಗಾಡಿ ಮ್ಯಾಲ ಜಿಎಸ್‌ಟಿ 5, ಅದಕ್ಕ ತುಂಬ್ಸೂದರ ಮ್ಯಾಲ 18! ಈ ಲೆಕ್ಕ ಹಾಕಿದ ಪುಣ್ಯಾತ್ಮನ್ನ ಒಮ್ಮೆ ನೋಡಬೇಕು.) ನೀವು ಹದಿನೈದು ತಗೊಂಡ್ರೂ ಗಿರಾಕಿ ಖುಷಿ, ನಿಮಗೂ ಕೈ ತುಂಬ ಉಳೀತೈತಿ. ರಾತ್ರಿಗೆ ಇಂತಿಷ್ಟು ಅಂತ ರೂಮ್ ಬಾಡಿಗ್ಯಾಗ ಸೇರಿಸಿದ್ರೂ ಆಗ್ತೈತಿ. ಖರೇ ಲಾಭ ಯೂನಿಟ್‌ನಾಗಿಲ್ಲ, ರೂಮ್‌ನಾಗ ಐತಿ. ಪುಣೆಯಿಂದ ಬಾದಾಮಿ ನೋಡಾಕ ಬರಾವ್ರು ಕರೆಂಟ್ ಗಾಡ್ಯಾಗ ಬಂದ್ರ ಮೊದಲ ಮ್ಯಾಪ್‌ನಾಗ ಚಾರ್ಜರ್ ಹುಡುಕ್ತಾರ, ಆಮ್ಯಾಲ ಲಾಡ್ಜ್ ಹುಡುಕ್ತಾರ. ನಾವೂ ಹಂಗ ಮಾಡ್ತೀವಿ. ರೂಮ್ ಸ್ವಲ್ಪ ಹಳೇದಿದ್ರೂ ನಡೀತೈತಿ, ಪ್ಲಗ್ ಇರಬೇಕು.

ಈಗ ಕರೆಂಟ್ ಗಾಡಿ ಎಲ್ಲಾರಿಗೂ ಆಗ್ತೈತೇನು ಅಂದ್ರ, ಇಲ್ರಿ. 20-25 ಯೂನಿಟ್ ಬ್ಯಾಟರಿಯ ಸಣ್ಣ ಗಾಡ್ಯಾಗ ಬೆಂಗಳೂರು ಅಂದ್ರ ಅದು ಪ್ರವಾಸ ಅಲ್ಲ, ವನವಾಸ. ರಾತ್ರೋರಾತ್ರಿ ನಿಂದರದ ಹೊಡದು ಮುಂಜಾನಿ ಆಸ್ಪತ್ರಿಗೆ ಮುಟ್ಟಬೇಕು ಅನ್ನಾವ್ರಿಗೆ ಈಗಿನ ಮಟ್ಟಿಗೆ ಪೆಟ್ರೋಲ್ ಗಾಡಿನ ಛಲೋ, ಇಲ್ಲಾ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಮಲಗ್ರಿ. ಆದ್ರ ಹೆಂಡ್ತಿ ಮಕ್ಕಳು, ವಯಸ್ಸಾದಾವ್ರನ್ನ ಕರ್ಕೊಂಡು ಹೊಂಟಾಂವ ಹೆಂಗಿದ್ರೂ ಎರಡು-ಮೂರು ತಾಸಿಗೊಮ್ಮೆ ನಿಂದರ್ತಾನ, ಉಚ್ಚಿಗೆ, ಚಾಕ್ಕ, ಊಟಕ್ಕ. ಅವನಿಗೆ ಕರೆಂಟ್ ಗಾಡಿ ತಡ ಮಾಡೂದು ಒಂದು ತಾಸು ಇಲ್ಲಾ ಒಂದೂವರಿ ತಾಸು. ರೊಕ್ಕದ ಲೆಕ್ಕ ನೋಡ್ರಿ: ಐನೂರು ಕಿಮೀಗೆ ಪೆಟ್ರೋಲ್ ಗಾಡಿ ಲೀಟರ್‌ಗೆ ಹದಿನೈದು ಕಿಮೀ ಕೊಟ್ರ 33 ಲೀಟರ್, ನೂರರ ಮ್ಯಾಲಿನ ರೇಟ್‌ನಾಗ ಮೂರು ಸಾವಿರದ ಮುನ್ನೂರು ದಾಟ್ತೈತಿ. ಕರೆಂಟ್ ಗಾಡಿಗೆ 75 ಯೂನಿಟ್, ಅರ್ಧ ಮನಿಯಾಗ ಆರೇಳು ರೂಪಾಯಿದು, ಅರ್ಧ ದಾರ್‍ಯಾಗ ಜಿಎಸ್‌ಟಿ ಸೇರಿ 24ರ ಹತ್ರ, ಒಟ್ಟು ಸಾವಿರದ ನೂರು-ಇನ್ನೂರು. ಉಳದ ಎರಡು ಸಾವಿರ ಎಲ್ಲಿಗೆ ಹೋಗ್ತೈತಿ? ನಿಮ್ಮ ಖಾನಾವಳಿಗೆ, ನಿಮ್ಮ ಅಂಗಡಿಗೆ. ಒಂದು ತಾಸು ನಿಂತಾಂವ ಒಂದು ಪ್ಲೇಟ್ ಮಿರ್ಚಿ ತಿನ್ನದ ಹೋಗ್ತಾನೇನು?

ಇನ್ನ ಸರ್ಕಾರದ ಸಾಹೇಬ್ರಿಗೆ. ಇವಿ ನೀತಿ ಅಂತ ದೇಶದಾಗ ಮೊದಲ ಮಾಡಿದ ರಾಜ್ಯ ನಮ್ಮದು, 2017ರಾಗ. ಹೈವೇ ಮ್ಯಾಲ ಎರಡೂ ಬದಿಗೆ 25 ಕಿಮೀಗೆ ಒಂದು ಚಾರ್ಜಿಂಗ್ ಸ್ಟೇಷನ್ ಇರಬೇಕು ಅಂತ 2022ಕ್ಕಿಂತ ಮೊದಲ ಕೇಂದ್ರದ ಮಾರ್ಗಸೂಚಿ ಇತ್ತು. ಎಣ್ಣಿ ಕಂಪನಿಗಳಿಗೆ 7,432 ಫಾಸ್ಟ್ ಚಾರ್ಜರ್ ಹಾಕಾಕ 2023ರ ಮಾರ್ಚ್‌ನಾಗ 800 ಕೋಟಿ ಮಂಜೂರ್ ಮಾಡಿದ್ರು, ಆಮ್ಯಾಲ ಕೇಂದ್ರದ ಪಿಎಂ ಇ-ಡ್ರೈವ್ ಯೋಜನಿ ಒಳಗ ಚಾರ್ಜರ್‌ಗೆ ಅಂತ ಮತ್ತ 2,000 ಕೋಟಿ. ರೊಕ್ಕಕ್ಕ ಕಡಿಮಿ ಇಲ್ಲ. ಕರೆಂಟಿಗೂ ಕಡಿಮಿ ಇಲ್ಲ, ಕೂಡಗಿ ಕಲ್ಲಿದ್ದಲ ಸ್ಥಾವರದಾಗ 2,400 ಮೆಗಾವ್ಯಾಟ್, ಆಲಮಟ್ಟಿಯಾಗ 290, ಅದರ ಮ್ಯಾಲ ಗಾಳಿ ಫ್ಯಾನ್, ಸಕ್ಕರಿ ಕಾರ್ಖಾನಿಯ ಕಬ್ಬಿನ ಸಿಪ್ಪಿ ಕರೆಂಟ್. ಬೂದಿ ನಮಗ, ಹೊಲದಾಗ ಟವರ್ ನಮಗ, ಚಾರ್ಜರ್ ಬೆಂಗಳೂರಿನ ಮಾಲ್‌ಗೆ ಅಂದ್ರ ಹೆಂಗ್ರಿ? ನಾ ಕೇಳೂದು ಹೊಸದು ಹಾಕ್ರಿ ಅಂತಲ್ಲ, ಹಾಕಿದ್ದು ನಡಸ್ರಿ ಅಂತ. ಸಬ್ಸಿಡಿಯ ರೊಕ್ಕ ಪೂಜೆ ಮಾಡಿ ಫೋಟೊ ತಗಸಿದ ದಿನ ಪೂರಾ ಕೊಡಬ್ಯಾಡ್ರಿ, ಚಾರ್ಜರ್ ತಿಂಗಳಿಗೆ ಎಷ್ಟು ದಿನ ನಡೀತು ಅನ್ನೂದರ ಮ್ಯಾಲ ಕೊಡ್ರಿ, ಮತ್ತ ಆ ಲೆಕ್ಕ ಮಂದಿಗೆ ಕಾಣೂ ಹಂಗ ಹಾಕ್ರಿ. ಬಾದಾಮಿ, ವಿಜಯಪುರದಾಗ ಪ್ರವಾಸೋದ್ಯಮದ ಮಯೂರ ಹೋಟೆಲ್ ಅದಾವು, ಗೋಲಗುಮ್ಮಟ, ಗುಹೆ ಮುಂದ ಪಾರ್ಕಿಂಗ್ ಫೀ ವಸೂಲಿ ಮಾಡ್ತೀರಿ, ಅಲ್ಲೆ ನಾಕು ನಾಕು ಗ್ವಾಡಿ ಚಾರ್ಜರ್ ಹಚ್ಚಾಕ ಟೆಂಡರ್, ಡಿಪಿಆರ್ (ಯೋಜನಾ ವರದಿ), ಸಮಿತಿ ಏನೂ ಬೇಕಾಗೂದಿಲ್ಲ, ಒಬ್ಬ ಒಳ್ಳೆ ವೈರ್‌ಮನ್ ಸಾಕು.

ಯಜಮಾನ್ರ, ನೀವು ಹಚ್ಚಿದ ಮ್ಯಾಲ ಮೂರು ಕೆಲಸ ಮಾಡ್ರಿ. ಮ್ಯಾಪ್‌ನಾಗ ಫೋಟೊ ಸಮೇತ ಹಾಕ್ರಿ, ಬೋರ್ಡ್ ಮ್ಯಾಲ ಫೋನ್ ನಂಬರ್ ದೊಡ್ಡಕ್ಷರದಾಗ ಬರಸ್ರಿ, ಮತ್ತ ಆ ಜಾಗದಾಗ ನಿಮ್ಮ ಭಾಂಡೆ, ಬುಲೆಟ್, ಗ್ಯಾಸ್ ಸಿಲಿಂಡರ್ ಇಡಬ್ಯಾಡ್ರಿ. ಸುರು ಮಾಡೂಕಿಂತ ಮೊದಲ ಒಬ್ಬ ಇವಿ ಇರಾಂವನ್ನ ಕರಸಿ ಇಡೀ ರಾತ್ರಿ ಚಾರ್ಜ್‌ಗೆ ಹಚ್ಚಿ ಟೆಸ್ಟ್ ಮಾಡಸ್ರಿ, ವೈರ್ ಬಿಸಿ ಆಗ್ತೈತೇನು, ಎಂಸಿಬಿ ಬೀಳ್ತೈತೇನು, ಸಂಜಿಮುಂದ ವೋಲ್ಟೇಜ್ ಇಳಿತೈತೇನು, ಎಲ್ಲಾ ಅವತ್ತ ಗೊತ್ತಾಗ್ತೈತಿ. ಯಾರೂ ಸಿಗಲಿಲ್ಲಂದ್ರ ನಾ ಬರ್ತೀನಿ. ರೂಮ್ ಬಾಡಿಗಿ, ಊಟದ ರೊಕ್ಕ ನಾನ ಕೊಡ್ತೀನಿ, ಶೇಂಗಾ ಹಿಂಡಿ ಸ್ವಲ್ಪ ಹೆಚ್ಚಿಗಿ ಹಾಕಿದ್ರ ಸಾಕು.

ಇಂತಿ,
ಬಾಗಲಕೋಟಿ ಕಡೆಯ ಒಬ್ಬ ಕರೆಂಟ್ ಗಾಡಿ ಓಡ್ಸಾಂವ